ಶ್ರಾವಣ ಸೋಮವಾರದ ಡಬ್ಬಿ

ಜೋಳದ ಹಿಟ್ಟು ನಾದುವಾಗಲೇ ಅಂಬಾಬಾಯಿಗೆ ತಾನು ಬೇರೆ ಯಾರದೋ ಅಡಿಗೆಮನೆಯಲ್ಲಿ ಕಳವು ಮಾಡುತ್ತಿದ್ದೇನೆ ಎನ್ನಿಸತೊಡಗಿತ್ತು. ಖೋಲಿ ತನ್ನದು, ಹಿಟ್ಟು ತನ್ನ ಸಂಬಳದ್ದು, ಒಲೆಯ ಇದ್ದಿಲೂ ತನ್ನದೇ. ಆದರೆ ಭಕ್ರಿಗೆ ಸದ್ದಿದೆ. ಅನ್ನ ಮುಚ್ಚಿಟ್ಟ ಪಾತ್ರೆಯಲ್ಲಿ ಗುಟ್ಟಾಗಿ ಬೇಯುತ್ತದೆ. ಭಕ್ರಿಯನ್ನು ಬಡಿಯಲೇಬೇಕು, ಬಡಿದರೆ ಪುಣೆಯ ನಾರಾಯಣ ಪೇಟೆಯ ಆ ಇಡೀ ವಾಡೆಗೆ ಕೇಳುತ್ತದೆ. ಮೆಲ್ಲಗೆ ತಟ್ಟಿ ನೋಡಿದಳು. ಅಂಚು ಬಿರಿಯಿತು. ಮತ್ತೆ ಮುದ್ದೆ ಮಾಡಿ, ಬಾಗಿಲ ಕಡೆ ಬೆನ್ನು ತಿರುಗಿಸಿ, ಸದ್ದನ್ನು ಮೈಯಿಂದ ಮರೆಮಾಡಬಹುದೋ ಎಂಬಂತೆ ಬಾಗಿ ಬಡಿದಳು. ಹೆಂಚಿಗೆ ಹಾಕುವಷ್ಟರಲ್ಲಿ ಎದುರು ಖೋಲಿಯ ಕಾಕೂ ಹೊಸ್ತಿಲಲ್ಲಿ ನಿಂತಿದ್ದರು, ಕೈಯಲ್ಲಿ ಬಿಲ್ವಪತ್ರೆಯ ತಟ್ಟೆ. “ಇದೇನೇ ಅಂಬಾಬಾಯಿ, ಭಾಕರಿ? ಇವತ್ತು ಸೋಮವಾರ ಅಲ್ಲವೇ? ಶ್ರಾವಣದ ಸೋಮವಾರ?” ಎಂದರು ಮರಾಠಿಯಲ್ಲಿ. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ, ಬರೀ ಆಶ್ಚರ್ಯವಿತ್ತು. ಅದೇ ಹೆಚ್ಚು ಚುಚ್ಚಿತು. “ಶಾಲೆಯ ಹುಡುಗಿಗೆ, ಕಾಕೂ” ಎಂದಳು. ಬಾಯಿಂದ ಸುಳ್ಳು ಅಷ್ಟು ಸಲೀಸಾಗಿ ಜಾರಿದ್ದಕ್ಕೆ ತಾನೇ ಬೆರಗಾಗಿ ನಿಂತಾಗ ಹೆಂಚಿನ ಮೇಲಿನ ಭಕ್ರಿ ಒಂದು ಕಡೆ ಹೊತ್ತಿ ವಾಸನೆ ಬಂತು. ಕಾಕೂ ಹೋದ ಮೇಲೆ ಅದನ್ನೇ ಮಡಿಸಿ, ಶೇಂಗಾ ಚಟ್ನಿ ಸವರಿ, ಹಿತ್ತಾಳೆಯ ಡಬ್ಬಿಗೆ ಹಾಕಿ ಮುಚ್ಚಿದಳು. ಡಬ್ಬಿ ಆ ಹುಡುಗಿ ಇಂದೂಳಿಗಲ್ಲ. ಇಂದೂಳ ಡಬ್ಬಿಯನ್ನು ಅವಳ ತಾಯಿ ಕಟ್ಟುತ್ತಾಳೆ. ಇದು ತಾನು ತಿನ್ನಲು. ಇವತ್ತು, ನಡುವಿನ ಸೂಟಿಯಲ್ಲಿ, ತಾನು ಕಲಿಸುವ ವರ್ಗದ ಹುಡುಗಿಯರೆಲ್ಲರ ಕಣ್ಣೆದುರಿಗೆ.

ಹಾಗೆಂದು ರಾತ್ರಿ ನಿಶ್ಚಯಿಸಿದ್ದಳು. ಬೆಳಕಿನಲ್ಲಿ ಆ ನಿಶ್ಚಯ ಸಂಜೆ ವರ್ಗದ ಗಣಿತದಂತೆ ಕಾಣುತ್ತಿತ್ತು. ಕಂದೀಲಿನ ಕೆಳಗೆ ಬಗೆಹರಿದದ್ದು ಮರುದಿನ ಪಾಟಿಯ ಮೇಲೆ ತಪ್ಪಾಗಿರುತ್ತಿತ್ತು. ಹಗಲೆಲ್ಲ ಯಾರದೋ ಮನೆಯ ಅಡಿಗೆ ಮಾಡಿ, ಸಂಜೆ ಕೈಯ ಒಗ್ಗರಣೆ ವಾಸನೆಯೊಂದಿಗೇ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಕಲಿತವಳು ಅವಳು. ಅಲ್ಲಿ ಒಂದು ಚಟ ಅಂಟಿಕೊಂಡಿತ್ತು. ತಿಳಿಯದಿದ್ದಾಗ ತಲೆಯಾಡಿಸುವುದು. ಮರಾಠಿಯ ಮಾತು ವೇಗವಾಗಿ ಹರಿದುಹೋಗುತ್ತಿತ್ತು, ಧಾರವಾಡದ ವಿಧವೆ ಹೆಂಗಸು ಎರಡನೇ ಸಲ ಕೇಳಿದರೆ ಮುಂದಿನ ಸಾಲು ತಿರುಗಿ ನೋಡುತ್ತಿತ್ತು, ಆದ್ದರಿಂದ ತಲೆಯಾಡಿಸುವುದು. ಜೂನಿನಲ್ಲಿ ಇಂದೂಳ ತಾಯಿ ಸುಂದರಾಬಾಯಿ ಶಾಲೆಯ ಬಾಗಿಲಲ್ಲಿ ನಿಂತು, ಕನ್ನಡದವಳೇ ಸಿಕ್ಕಿದಳೆಂದು ಕಣ್ಣರಳಿಸಿ, ಕಲ್ಲುಸಕ್ಕರೆಯ ಪೊಟ್ಟಣವನ್ನು ಕೈಗಿತ್ತು, “ಆಕೀಗೆ ಸಕ್ಕರಿ ಬ್ಯಾನಿ ಅದರಿ ಅಕ್ಕೋರ. ದಿನಾ ಸೂಜಿ ಹಾಕ್ತೀವಿ. ಸಾಲ್ಯಾಗ ಮೈ ನಡುಗಿದ್ರ, ಬೆವತ್ರ, ಇದನ್ನ ಬಾಯಾಗ ಹಾಕ್ರಿ, ಆಮ್ಯಾಲ ಭಕ್ರಿ ತಿನ್ನಸ್ರಿ” ಎಂದಾಗಲೂ ಹಾಗೆಯೇ ತಲೆಯಾಡಿಸಿದ್ದಳು. ಇಡೀ ಪುಣೆಯಲ್ಲಿ ತನ್ನನ್ನು ಅಕ್ಕೋರ ಎಂದವಳು ಅವಳೊಬ್ಬಳೇ. ಉಳಿದವರಿಗೆಲ್ಲ ತಾನು ಬರೀ ‘ಬಾಯಿ’. ಆ ಒಂದು ಮಾತಿನ ಖುಷಿಯಲ್ಲಿ, ಸಕ್ಕರೆ ರೋಗದ ಹುಡುಗಿಗೆ ಸಕ್ಕರೆ ಯಾಕೆ ಎಂದು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದಳು: ಸೂಜಿಯ ಔಷಧ ರಕ್ತದ ಸಕ್ಕರೆಯನ್ನು ಇಳಿಸುತ್ತದೆ, ಹೊಟ್ಟೆಗೆ ಬೀಳದಿದ್ದರೆ ತೀರ ತಳಕ್ಕೆ ಇಳಿಸುತ್ತದೆ, ಆಗ ಸಕ್ಕರೆಯೇ ಮದ್ದು ಎಂದು. ಕೇಳದೆ, ತಾಯಿಯ ಮಮತೆ ಕುರುಡು ಎಂದುಕೊಂಡು ಪೊಟ್ಟಣವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. ಒಂದೆರಡು ಸಲ ಹುಡುಗಿ ಮೇಜಿನ ಹತ್ತಿರ ಬಂದು, ಹಣೆ ಒದ್ದೆ ಮಾಡಿಕೊಂಡು, “ಅಕ್ಕೋರ, ಒಂದು ಹಳಕು ಸಕ್ಕರಿ ಕೊಡ್ರಿ” ಎಂದಾಗ, “ನಾಲಿಗಿ ಚಪಲ ಬಿಡಬೇಕವಾ” ಎಂದು ತಿಳಿ ಹೇಳಿದ್ದಳು. ಹುಡುಗಿ ಸುಮ್ಮನೆ ಹೋಗಿ ಭಕ್ರಿ ಡಬ್ಬಿ ತೆರೆದಿದ್ದಳು. ಅಷ್ಟರಿಂದ ಉಳಿದುಕೊಂಡಿತ್ತು ಜೀವ. ತನ್ನಿಂದಲ್ಲ.

ರಸ್ತೆಯಲ್ಲಿ ಟಾಂಗಾ ಒಂದು ಹಾದುಹೋಯಿತು. ಡಬ್ಬಿಯನ್ನು ಸೆರಗಿನ ಒಳಗೆ ಒತ್ತಿ ಹಿಡಿದಿದ್ದಳು. ಇನ್ನೂ ಬಿಸಿ ಇತ್ತು, ಪಕ್ಕೆಗೆ ತಾಗುತ್ತಿತ್ತು. ಎದುರಿಗೆ ದೇವಸ್ಥಾನದಿಂದ ಬರುವ ಹೆಂಗಸರ ಹಣೆಯ ಮೇಲೆ ಹಸಿ ಗಂಧ. ಇಷ್ಟು ಹೊತ್ತಿಗೆ ಹಸಿವು ಮೊದಲ ಸುತ್ತು ಬಂದು ಹೋಗಿರುತ್ತದೆ, ಅವಳಿಗೆ ಗೊತ್ತು. ಹಸಿವಿನ ಮನೆಯ ಎಲ್ಲ ಖೋಲಿಗಳೂ ಅವಳಿಗೆ ಗೊತ್ತು. ಮೊದಲು ಹೊಟ್ಟೆ ಕೂಗುತ್ತದೆ, ಆಮೇಲೆ ಮುನಿಸಿಕೊಂಡು ಸುಮ್ಮನಾಗುತ್ತದೆ, ಮಧ್ಯಾಹ್ನಕ್ಕೆ ಎಲ್ಲ ವಸ್ತುಗಳ ಅಂಚೂ ತೊಳೆದಿಟ್ಟಂತೆ ಸ್ವಚ್ಛವಾಗುತ್ತದೆ, ಕಿವಿಯಲ್ಲಿ ಸಣ್ಣಗೆ ತಂಬೂರಿ. ಹದಿಮೂರಕ್ಕೆ ಗಂಡ ಹೋದ ಮೇಲೆ ಧಾರವಾಡದ ಭಾವನ ಮನೆಯಲ್ಲಿ ಎಲ್ಲರ ಎಲೆ ಎತ್ತಿದ ಮೇಲೆ, ಹಿಂದಿನ ಪಡಸಾಲೆಯಲ್ಲಿ, ಗೋಡೆಗೆ ಮುಖ ಮಾಡಿ ಒಬ್ಬಳೇ ಉಣ್ಣುತ್ತಿದ್ದಳು. ಉಣ್ಣದ ದಿನ ಮಾತ್ರ ಅವಳಿಗೆ ನಡುಮನೆಯಲ್ಲಿ ಜಾಗವಿತ್ತು. “ಉಪವಾಸ ಅಂದ್ರ ಅಂಬಾನ್ನ ನೋಡಿ ಕಲೀರಿ” ಎಂದು ಅತ್ತೆ ಬಂದವರ ಮುಂದೆ ಹೇಳುತ್ತಿದ್ದರು. ಆ ಮಾತಿಗಾಗಿ ಅವಳು ನೀರನ್ನೂ ಬಿಟ್ಟಿದ್ದಳು. ಆಮೇಲೆ ಊರು ಬಿಟ್ಟಳು, ಓದಿದಳು, ಪರೀಕ್ಷೆ ಪಾಸಾದಳು; ಆದರೆ ಆ ಹೊಗಳಿಕೆಯೊಂದನ್ನು ಮಾತ್ರ ಗಂಟು ಕಟ್ಟಿಕೊಂಡು ಪುಣೆಗೆ ತಂದಿದ್ದಳು. ತಂದು, ಹೋದ ಸೋಮವಾರ, ಹನ್ನೊಂದು ವರ್ಷದ ಹುಡುಗಿಯ ತಲೆಯ ಮೇಲಿಟ್ಟಿದ್ದಳು.

ಶ್ರಾವಣ ಸೋಮವಾರ ಶಾಲೆಗೆ ಅರ್ಧ ದಿನದ ಸೂಟಿ. ಹುಡುಗಿಯರಿಗೆ ಅದೊಂದು ಪಂದ್ಯ. ಯಾರದು ಕಡಕ್ ಉಪವಾಸ, ಯಾರು ಸಾಬೂದಾಣೆ ತಿಂದವರು, ಯಾರು ನೀರನ್ನೂ ಕುಡಿಯದವರು. ನಾಲಿಗೆ ಚಾಚಿಸಿ ಒಣಗಿದೆಯೋ ಇಲ್ಲವೋ ನೋಡುವ ಅಧಿಕಾರ ಸುಲಭಾಳದು. ತುಂಬಿದ ಮನೆಯ ಹುಡುಗಿ, ದನಿ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಇಂದೂಳಿಗೆ ‘ಮುಂಗೀ’ ಎಂದು ಹೆಸರಿಟ್ಟವಳೂ ಅವಳೇ. ಮುಂಗೀ ಎಂದರೆ ಇರುವೆ. ಇಂದೂ ಪಾಯಖಾನೆಗೆ ಹೋಗಿ ಬಂದ ಜಾಗಕ್ಕೆ ಇರುವೆ ಹತ್ತುತ್ತವೆ ಎಂದು ಯಾರೋ ಕಂಡು ಹೇಳಿದ್ದರಂತೆ. ಅಂಬಾಬಾಯಿ ಆ ಹೆಸರನ್ನು ಕೇಳಿಯೂ ಕೇಳದಂತಿದ್ದಳು; ಗದರಿಸಿದರೆ ತನ್ನ ಮರಾಠಿಯ ಉಚ್ಚಾರವನ್ನು ಅವರು ಅಣಕಿಸಿಯಾರು ಎಂಬ ಭಯ. ಆ ಸೋಮವಾರ ಸುಲಭಾ ನಾಲಿಗೆ ತಪಾಸಣೆ ಮಾಡುತ್ತ ಬಂದಾಗ ಇಂದೂ ತಾನೂ ಚಾಚಿದಳು. ಒಣಗಿತ್ತು. ವರ್ಗ ಬೆರಗಾಯಿತು. ಬೆಳಗ್ಗೆ ಇಂದೂ ಸೂಜಿ ಹಾಕಿಸಿಕೊಂಡು, ತಾಯಿ ದೇವರ ಖೋಲಿಗೆ ಹೋದಾಗ ತನ್ನ ಪಾಲಿನ ಭಕ್ರಿಯನ್ನು ಓಣಿಯ ಹಸುವಿಗೆ ಹಾಕಿ ಬಂದಿದ್ದಳೆಂಬುದು ಯಾರಿಗೆ ಗೊತ್ತು? ಅಂಬಾಬಾಯಿ ಕಂಡದ್ದು ಬೆವರಿದ ಮುಖ, ನಡುಗುವ ಬೆರಳು, ಎಲ್ಲೋ ದೂರ ನೆಟ್ಟ ಹೊಳೆಯುವ ಕಣ್ಣು. ತನ್ನ ಬೆರಳೂ ಆಗ ಹಾಗೆಯೇ ನಡುಗುತ್ತಿದ್ದವು, ಬೆಳಗಿನಿಂದ ತಾನೂ ನೀರು ಮುಟ್ಟಿರಲಿಲ್ಲ. ಕನ್ನಡಿಯಲ್ಲಿ ತನ್ನ ಹದಿಮೂರನೆಯ ವರ್ಷವನ್ನು ಕಂಡಂತಾಗಿ, ಎದೆಯುಬ್ಬಿ, ಇಡೀ ವರ್ಗಕ್ಕೆ ಹೇಳಿದ್ದಳು: “ಉಪವಾಸ ಅಂದರೆ ಇಂದೂಳನ್ನು ನೋಡಿ ಕಲಿಯಿರಿ.”

ಹುಡುಗಿ ನಕ್ಕಳು. ಆ ನಗು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಉಳಿಯಿತು. ಆಮೇಲೆ ಬಳಪ ಕೈಯಿಂದ ಬಿತ್ತು, ಆಮೇಲೆ ಹುಡುಗಿ.

ಕಪಾಟಿನ ಕೀಲಿ ಬೀಗದಲ್ಲಿ ಹೋಗಲಿಲ್ಲ. ಎಷ್ಟು ತಿರುವಿದರೂ ಹೋಗಲಿಲ್ಲ, ಕಪಾಟಿನ ಸಂದಿಯಿಂದ ಇರುವೆಗಳ ಸಾಲೊಂದು ಶಾಂತವಾಗಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು, ಅವಕ್ಕೆ ಕೀಲಿ ಬೇಕಿರಲಿಲ್ಲ. ಹೇಗೋ ತೆರೆದು, ಹಳಕನ್ನು ಜಜ್ಜಿ, ಕೆನ್ನೆಯ ಒಳಗೆ ಬೆರಳಿನಿಂದ ಉಜ್ಜುತ್ತ ಕೂತಾಗ ಬಾಯಲ್ಲಿ ದೇವರ ಹೆಸರೂ ಬರಲಿಲ್ಲ, ಸುಂದರಾಬಾಯಿಯ ಮಾತೇ ಬರುತ್ತಿತ್ತು, ಬಾಯಾಗ ಹಾಕ್ರಿ, ಬಾಯಾಗ ಹಾಕ್ರಿ. ಹುಡುಗಿ ಕಣ್ಣು ತೆರೆದು ಕೇಳಿದ ಮೊದಲ ಮಾತು, “ಅಕ್ಕೋರ, ನನ್ನ ಉಪವಾಸ ಮುರೀತೇನ್ರಿ?”

ಆ ಪ್ರಶ್ನೆ ಎಂಟು ದಿನದಿಂದ ಪಕ್ಕೆಗೆ ತಾಗುತ್ತಲೇ ಇತ್ತು.

ಶಾಲೆಯ ಬಾಗಿಲಲ್ಲಿ ಮುಖ್ಯಾಧ್ಯಾಪಿಕೆ ಭಾಮಾಬಾಯಿ ನಿಂತಿದ್ದರು. ಕೆಟ್ಟವರಲ್ಲ. ಅಡಿಗೆ ಮಾಡುವವಳನ್ನು ಕರೆದು ಮಾಸ್ತರಿಣಿ ಮಾಡಿದವರು. “ಅಂಬಾಬಾಯಿ, ಇವತ್ತು ನೆನಪಿದೆಯಲ್ಲ? ಇದು ಶಾಲೆ, ದವಾಖಾನೆ ಅಲ್ಲ. ಹುಡುಗಿಗೆ ಏನಾದರೂ ಆದರೆ ಪಾಲಕರಿಗೆ ನಾನೇನು ಹೇಳಲಿ? ಇವತ್ತೂ ಅವಳು ನಕಾಶೆ ಖೋಲಿಗೆ ಹೋಗಿ ತಿನ್ನದಿದ್ದರೆ, ನಾಳೆಯಿಂದ ಮನೆಯಲ್ಲೇ ಇರಲಿ. ಅವಳ ಒಳ್ಳೆಯದಕ್ಕೇ.” ಅಂಬಾಬಾಯಿ ತಲೆಯಾಡಿಸಿದಳು. ಆಡಿಸಿದ ಮೇಲೆ, ಸೆರಗಿನೊಳಗಿನ ಡಬ್ಬಿ ಸ್ವಲ್ಪ ಜಾರಿದಾಗ, ತನ್ನ ದನಿ ತನಗೇ ಕೇಳಿಸಿತು: “ಆ ಖೋಲಿಯಲ್ಲಿ ಅವಳು ತಿನ್ನುವುದಿಲ್ಲ, ಬಾಯಿ.” ಭಾಮಾಬಾಯಿ ಕನ್ನಡಕದ ಮೇಲಿಂದ ನೋಡಿದರು. “ಯಾಕೆ? ಗಾಳಿ ಇದೆ, ಬೆಳಕಿದೆ, ಯಾರೂ ನಗುವವರಿಲ್ಲ. ಮತ್ತೇನು ಬೇಕು?” ಅದಕ್ಕೆ ಉತ್ತರ ಗೊತ್ತಿತ್ತು. ಗೋಡೆಗೆ ಮುಖ ಮಾಡಿ ನುಂಗಿದ ತುತ್ತು ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ಅವಳಿಗಲ್ಲದೆ ಯಾರಿಗೆ ಗೊತ್ತು? ಆದರೆ ಅದನ್ನು ಮರಾಠಿಯಲ್ಲಿ ಹೇಗೆ ಹೇಳುವುದು? ಕನ್ನಡದಲ್ಲಾದರೂ ಹೇಗೆ? ಭಾಮಾಬಾಯಿ ಒಳಗೆ ಹೋದರು.

ವಾರವಿಡೀ ನಡೆದದ್ದು ಅದೇ. ಭಾಮಾಬಾಯಿಯ ಅಪ್ಪಣೆಯಂತೆ ಸೂಟಿಯಾದೊಡನೆ ಇಂದೂ ಡಬ್ಬಿ ಹಿಡಿದು ನಕಾಶೆ ಖೋಲಿಗೆ ಹೋಗಬೇಕು, ಹೋಗುತ್ತಿದ್ದಳು, ಸುತ್ತಿಟ್ಟ ಹಿಂದುಸ್ತಾನದ ನಕಾಶೆಗಳ ನಡುವೆ ಸ್ಟೂಲಿನ ಮೇಲೆ ಕೂತು, ಡಬ್ಬಿ ತೆರೆಯದೆ, ಕಾಲು ತೂಗುತ್ತಿದ್ದಳು. ಎರಡು ಸಲ ಬೆವರಿದಳು, ಎರಡು ಸಲವೂ ಅಂಬಾಬಾಯಿ ಸಕ್ಕರೆ ಹಾಕಿದಳು. ಪೊಟ್ಟಣ ಈಗ ಬೀಗದೊಳಗಿರಲಿಲ್ಲ, ಸಣ್ಣ ಡಬರಿಯಲ್ಲಿ ಹಾಕಿ ಫಲಕದ ಪಕ್ಕದ ಮೊಳೆಗೆ ತೂಗುಹಾಕಿದ್ದಳು. ಶನಿವಾರ ಪಕ್ಕದಲ್ಲಿ ಕೂತು ಬೇಡಿಕೊಂಡಿದ್ದಳು. “ಒಂದು ತುತ್ತು ತಿನ್ನವಾ, ನಮ್ಮವ್ವ ಅಲ್ಲೇನು.” ಹುಡುಗಿ ಕಾಲು ತೂಗುವುದನ್ನು ನಿಲ್ಲಿಸಿ, “ನಾ ಇಲ್ಲಿ ತಿನ್ನಂಗಿಲ್ರಿ. ನಾ ಏನು ಹೊರಗ ಕೂತೇನೇನ್ರಿ?” ಎಂದಳು. “ಅಂಗಳದಾಗ ಎಲ್ಲಾರ ಜೋಡಿ ಕೂತು ತಿಂತೀಯೇನು ಮತ್ತ?” “ಸೋಮವಾರಾ?” “ಹೂಂ, ಸೋಮವಾರ.” “ಒಬ್ಬಾಕಿನ ಹ್ಯಾಂಗ ತಿನ್ಲಿರಿ? ಎಲ್ಲಾರೂ ನೋಡ್ತಾರ.” ಆಮೇಲೆ ಅಪ್ಪನ ಆಫೀಸಿನ ಸಾಹೇಬರ ದನಿ ತೆಗೆದು, “ನೀವೂ ಉಪಾಸ ಮಾಡ್ತೀರಿ. ನನಗಷ್ಟ ತಿನ್ನಂತ ಆರ್ಡರ್ ಮಾಡ್ತೀರಿ” ಎಂದಿದ್ದಳು. ನಗಬೇಕೆಂದೇ ಹೇಳಿದ್ದು. ಅಂಬಾಬಾಯಿಗೆ ನಗಲಾಗಲಿಲ್ಲ.

ಆ ಸಂಜೆ ಅವರ ಮನೆಗೆ ಹೋದಳು. ಬೈಸಿಕೊಳ್ಳಲೆಂದೇ ಹೋದಳು ಎನ್ನಬೇಕು. ಸುಂದರಾಬಾಯಿ ಒಲೆಯ ಮುಂದೆ ಕೂತು, ಗಾಜಿನ ನಳಿಗೆಯಲ್ಲಿ ಮಗಳ ಮೂತ್ರದ ಹನಿಗಳನ್ನು ನೀಲಿ ಔಷಧದೊಂದಿಗೆ ಕಾಯಿಸುತ್ತಿದ್ದಳು, ಹಾಲು ಕಾಯಿಸುವಷ್ಟೇ ಸಹಜವಾಗಿ. “ನೋಡ್ರಿ, ಇಟ್ಟಂಗಿ ಬಣ್ಣ ಆದ್ರ ಸಕ್ಕರಿ ಭಾಳ ಅದ ಅಂತ. ಹಸರಾದ್ರ ಸ್ವಲ್ಪ. ನೀಲೀನ ಉಳದ್ರ ಇಲ್ಲ ಅಂತ.” ಗೋಡೆಯ ಮೂಲೆಯಲ್ಲಿ ಹಸಿ ಉಸುಕಿನ ಗಡಿಗೆ, ಅದರೊಳಗೆ ತಂಪಿಗಿಟ್ಟ ಸೂಜಿಯ ಔಷಧದ ಸೀಸೆ. ಗೂಟಕ್ಕೆ ತೂಗಿದ ಮಿಲಿಟರಿ ಅಕೌಂಟ್ಸಿನ ಗುಮಾಸ್ತ ಗಂಡನ ಕಪ್ಪು ಕೋಟು. ಅಂಬಾಬಾಯಿ ಮಾತು ತೆಗೆದಳು, “ಹೋದ ಸೋಮವಾರ ನಾನ ಆಕೀಗೆ…” ಮುಂದೆ ಹೋಗಲಿಲ್ಲ. ಸುಂದರಾಬಾಯಿ ನಳಿಗೆಯಿಂದ ಕಣ್ಣು ತೆಗೆಯದೆ, “ಆಕಿ ಎಲ್ಲಾ ಹೇಳ್ಯಾಳ್ರಿ. ಅಕ್ಕೋರು ಎಲ್ಲಾರ ಮುಂದ ನನ್ನ ಹೊಗಳಿದ್ರು ಅಂತ ಎಷ್ಟ ಖುಷೀಲೆ ಹೇಳಿದ್ಲು ಅಂತೀರಿ. ಸಾಲ್ಯಾಗ ಆಕೀನ್ನ ಯಾರೂ ಹೊಗಳಿದ್ದಿಲ್ಲ.” ಆಮೇಲೆ, ನೀಲಿ ಹಸಿರಿಗೆ ತಿರುಗುವುದನ್ನು ನೋಡುತ್ತ, “ಮೊದಲನೇ ವರ್ಷ ನಾನೂ ಮನ್ಯಾಗಿನ ಬೆಲ್ಲಾ ಎಲ್ಲಾ ಮುಚ್ಚಿಟ್ಟು ಆಕೀನ್ನ ಕಳಕೋತಿದ್ದೆ. ಹೆದರಬ್ಯಾಡ್ರಿ. ಹೆದರಿದ್ರ ಕೈ ನಡುಗ್ತಾವ, ಕೀಲಿ ಹತ್ತಂಗಿಲ್ಲ. ಆಕೀಗೆ ಸಾಲಿ ಬಿಡಸಿದ್ರ ಮನ್ಯಾಗ ಕೂತು ಬ್ಯಾನೀನ ನೋಡ್ಕೋತ ಇರ್ತಾಳ್ರಿ. ಅದಕ್ಕಿಂತ ಕೆಟ್ಟ ಬ್ಯಾನಿ ಇಲ್ಲ” ಎಂದಳು.

ಇವತ್ತು ಪಾಠ ಹೇಗೆ ನಡೆಯಿತೋ ಅಂಬಾಬಾಯಿಗೆ ತಿಳಿಯಲಿಲ್ಲ. ಹಸಿವಿನ ಆ ಸ್ವಚ್ಛ ಬೆಳಕು ಬಂದಿತ್ತು. ಫಲಕದ ಮೇಲಿನ ಅಕ್ಷರಗಳು ಕೊರೆದಂತೆ ನಿಂತಿದ್ದವು, ಮೂರನೆಯ ಸಾಲಿನಲ್ಲಿ ಇಂದೂಳ ಎರಡು ಜಡೆ, ಪಕ್ಕದ ಮೊಳೆಯಲ್ಲಿ ಡಬರಿ. ಈ ಬೆಳಕನ್ನು ಬಿಟ್ಟುಕೊಡಬೇಕು. ಇಪ್ಪತ್ತು ವರ್ಷದಿಂದ ಇದೊಂದೇ ತನ್ನದೆಂದು ಇದ್ದದ್ದು. ಯಾರೂ ಕೊಡದ್ದು, ಯಾರೂ ಕಸಿಯದ್ದು. ಬಿಟ್ಟರೆ ಉಳಿಯುವುದೇನು, ಹರಕುಮುರಕು ಮರಾಠಿ ಮಾತನಾಡುವ ಒಬ್ಬ ವಿಧವೆ ಮಾಸ್ತರಿಣಿ? ನಾಳೆ ಪಾಲಕರು ಬಂದು, ಶ್ರಾವಣ ಸೋಮವಾರ ಮಕ್ಕಳೆದುರು ಭಕ್ರಿ ತಿನ್ನುವವಳು ನಮ್ಮ ಹುಡುಗಿಯರಿಗೆ ಏನು ಕಲಿಸುತ್ತಾಳೆ ಎಂದರೆ? ಅದಕ್ಕಿಂತ ಒಳಗೆ ಇನ್ನೊಂದು ಸಂಶಯ ಕೂತಿತ್ತು. ಇದೂ ಒಂದು ತೋರಿಕೆಯಲ್ಲವೇ? ಅಂದು ಉಣ್ಣದೆ ನಡುಮನೆಯಲ್ಲಿ ನಿಂತವಳು ಇಂದು ಉಂಡು ನಿಲ್ಲುತ್ತಿದ್ದಾಳೆ. ಯಾರಿಗೆ ಗೊತ್ತು. ಇರಬಹುದು. ಆದರೆ ಮನಸ್ಸು ಶುದ್ಧವಾಗುವವರೆಗೆ ಕಾಯುತ್ತ ಕೂತರೆ ಸೂಟಿಯ ಹೊತ್ತು ಮೀರುತ್ತದೆ, ಹುಡುಗಿಯ ರಕ್ತ ಯಾರ ಮನಸ್ಸಿಗೂ ಕಾಯುವುದಿಲ್ಲ.

ಘಂಟೆ ಹೊಡೆಯಿತು. ಹುಡುಗಿಯರು ಅಂಗಳದ ಕಟ್ಟೆಗೆ ಓಡಿದರು. ಇಂದೂ ಡಬ್ಬಿ ಹಿಡಿದು, ಯಾರ ಮುಖವನ್ನೂ ನೋಡದೆ, ನಕಾಶೆ ಖೋಲಿಯ ಕಡೆ ತಿರುಗಿದಳು. “ಇಂದೂ, ಇಲ್ಲಿ ಬಾರವಾ” ಎಂದಳು ಅಂಬಾಬಾಯಿ. ಕನ್ನಡ ಅಂಗಳದಲ್ಲಿ ಗಟ್ಟಿಯಾಗಿ ಕೇಳಿಸಿತು. ಕಟ್ಟೆಯ ನಡುವಿಗೆ ಹೋಗಿ, ಕಾಲು ಮಡಿಸಿ ಕೂತು, ಸೆರಗಿನಿಂದ ಡಬ್ಬಿ ಹೊರತೆಗೆದಳು. ಮುಚ್ಚಳ ಬಿಗಿಯಾಗಿತ್ತು. ಬಿಚ್ಚಲು ಹೆಣಗುವಾಗ ಸುತ್ತಲಿನ ಕುಂಟಾಬಿಲ್ಲೆ ಆಟ ಒಂದೊಂದೇ ಕಾಲಿನಲ್ಲಿ ನಿಂತುಬಿಟ್ಟಿತು.

“ಬಾಯೀ,” ಎಂದಳು ಸುಲಭಾ, “ಇವತ್ತು ಸೋಮವಾರ!” ನೆನಪಿಸಿ ಉಪಕಾರ ಮಾಡುವ ದನಿ. “ಗೊತ್ತು” ಎಂದಳು ಅಂಬಾಬಾಯಿ. ಭಕ್ರಿ ಮುರಿದು ಬಾಯಿಗಿಟ್ಟಳು.

ಒಣ ಬಾಯಲ್ಲಿ ತುತ್ತು ತಿರುಗಲೇ ಇಲ್ಲ. ಮರಳಿನಂತೆ, ಯಾರದೋ ಬಾಯಂತೆ. ಎಲ್ಲರೂ ಅಗಿಯುವ ದವಡೆಯನ್ನೇ ನೋಡುತ್ತಿದ್ದರು. ನುಂಗಿದಳು. ಇಂದೂ ಪಕ್ಕದಲ್ಲಿ ಕೂತಿದ್ದಳು, ಆದರೆ ಡಬ್ಬಿ ತೊಡೆಯ ಮೇಲೆ ಮುಚ್ಚಿಯೇ ಇತ್ತು. ಎರಡನೆಯ ತುತ್ತು. ಯಾರೋ ಕಿಸಕ್ಕನೆ ನಕ್ಕರು, ಯಾರೋ ‘ಶ್’ ಎಂದರು. ಹುಡುಗಿ ತೆರೆಯುವುದಿಲ್ಲ, ತಾನು ಹೀಗೆ ಇಡೀ ಭಕ್ರಿಯನ್ನು ತಿಂದು ಮುಗಿಸುತ್ತೇನೆ, ಎಲ್ಲ ವ್ಯರ್ಥ, ಹುಡುಗಿಯೂ ಹೋದಳು ವ್ರತವೂ ಹೋಯಿತು ಎಂದುಕೊಳ್ಳುತ್ತ ಮೂರನೆಯದನ್ನು ಮುರಿದಾಗ ಇಂದೂ ಬಾಗಿ ಡಬ್ಬಿಯೊಳಗೆ ಇಣುಕಿದಳು.

“ಅಕ್ಕೋರ, ಭಕ್ರಿ ಹೊತ್ತೇದಲ್ರಿ!”

“ಹೊತ್ತೇದವಾ. ಹೆದರಿಕ್ಯಾಗ ಮಾಡೀನಿ.”

“ಯಾರಿಗೆ ಹೆದರಿದ್ರಿ?”

“ಎಲ್ಲಾರಿಗೂ” ಎಂದಳು.

ಇಂದೂ ಅವಳ ಮುಖವನ್ನೇ ನೋಡಿದಳು, ದೊಡ್ಡವರೂ ಹಾಗನ್ನಬಹುದೇ ಎಂಬಂತೆ. ಆಮೇಲೆ ತನ್ನ ಡಬ್ಬಿಯ ಮುಚ್ಚಳ ತೆಗೆದು, “ನಮ್ಮವ್ವ ಛಲೋ ಮಾಡ್ತಾಳ. ಇದನ್ನ ತಿನ್ರಿ” ಎಂದು ಅರ್ಧ ಮುರಿದು ಅವಳ ಡಬ್ಬಿಗೆ ಹಾಕಿದಳು. ಅಂಬಾಬಾಯಿ ಅಷ್ಟೇ ದೊಡ್ಡ ತುಂಡನ್ನು ತನ್ನದರಿಂದ ಮುರಿದು ಕೊಟ್ಟಳು. ಸೂಜಿಗೆ ತಕ್ಕ ಅಳತೆ ತಪ್ಪಬಾರದು, ಇದನ್ನು ಈಗ ಕಲಿತಿದ್ದಳು. ಹುಡುಗಿ ಹೊತ್ತಿದ ಕಡೆಯಿಂದಲೇ ಕಚ್ಚಿದಳು. ತಿನ್ನುತ್ತ ತಿನ್ನುತ್ತ ಮತ್ತೆ ಕಾಲು ತೂಗತೊಡಗಿದಳು, ಆದರೆ ಇದು ಬೇರೆ ತೂಗು.

ಸುಲಭಾ ಇನ್ನೂ ಎದುರಿಗೇ ನಿಂತಿದ್ದಳು. ಡಬ್ಬಿಯೊಳಗೆ ಕಣ್ಣು ಹಾಯಿಸಿ ಕೇಳಿದಳು, “ಅದು ಯಾವ ಚಟ್ನಿ?” “ಶೇಂಗಾದ್ದು,” ಎಂದಳು ಇಂದೂ ಮರಾಠಿಯಲ್ಲಿ, “ನಿನಗಿಲ್ಲ. ನಿನ್ನದು ಕಡಕ್ ಉಪವಾಸ.” ಹುಡುಗಿಯರು ಗೊಳ್ಳೆಂದರು. ಸುಲಭಾ ಮೊದಲು ಮುಖ ಗಂಟಿಕ್ಕಿ, ಆಮೇಲೆ ತಡೆಯಲಾರದೆ ತಾನೂ ನಕ್ಕು ಕಟ್ಟೆಯ ಅಂಚಿಗೆ ಕೂತುಕೊಂಡಳು. ಕೂತವಳು ಸ್ವಲ್ಪ ಹೊತ್ತಿಗೆ ನೆಲ ತೋರಿಸಿ, “ಮುಂಗ್ಯಾ” ಎಂದಳು. ಅಂದೊಡನೆ ನಾಲಿಗೆ ಕಚ್ಚಿಕೊಂಡಳು. ಇರುವೆಗಳು ಬಂದಿದ್ದವು. ಕಟ್ಟೆಯ ಬಿರುಕಿನಿಂದ ಎದ್ದು, ಇಂದೂಳ ಕಾಲಿನ ಕಡೆ ಅಲ್ಲ, ಅಂಬಾಬಾಯಿಯ ಸೆರಗಿನಿಂದ ಉದುರಿದ ಪುಡಿಗಳಿಗೆ ಸಾಲು ಹಿಡಿದಿದ್ದವು. ಇಂದೂ ಬಾಯಿ ತುಂಬ ಇಟ್ಟುಕೊಂಡೇ ಹೇಳಿದಳು, “ನೋಡ್ರಿ ಅಕ್ಕೋರ, ನಿಮ್ಮ ಕಡೀನೂ ಬಂದಾವು.”

ಅಂಬಾಬಾಯಿಗೆ ನಗು ಬಂತು. ನಗು ಬಂದಾಗ ಬಾಯಲ್ಲಿ ನೀರೂ ಬಂತು, ತುತ್ತು ಸಲೀಸಾಗಿ ಇಳಿಯಿತು. ತಲೆಯೆತ್ತಿದರೆ ಪಡಸಾಲೆಯಲ್ಲಿ ಭಾಮಾಬಾಯಿ, ಕೈಯಲ್ಲಿ ಘಂಟೆಯ ಕೊಡತಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಹೊತ್ತು ಮೀರಿತ್ತು, ಅಂಬಾಬಾಯಿ ಎದ್ದು ನಿಲ್ಲಲು ಹೋದಳು, ಮಡಿಲಿನ ಡಬ್ಬಿ ತಡೆಯಿತು. ಭಾಮಾಬಾಯಿಯ ಕಣ್ಣು ಅವಳ ಮೇಲೆ ಇರಲಿಲ್ಲ. ಇಂದೂಳ ಕೈಯಲ್ಲಿ ಇನ್ನೂ ಉಳಿದಿದ್ದ ತುಣುಕಿನ ಮೇಲಿತ್ತು. ನಾಳೆ ಏನಾಗುವುದೋ, ಯಾವ ಪಾಲಕರು ಬರುವರೋ, ಕಾಕೂಗೆ ಏನು ಹೇಳುವುದೋ, ಒಂದೂ ಬಗೆಹರಿದಿರಲಿಲ್ಲ. ಇಂದೂ ಆ ತುಣುಕಿನಿಂದ ಡಬ್ಬಿಯ ತಳದ ಚಟ್ನಿಯನ್ನು ನಿಧಾನವಾಗಿ, ಸುತ್ತಲೂ, ಬಳಿದು ಬಾಯಿಗಿಟ್ಟುಕೊಂಡು ಬೆರಳು ನೆಕ್ಕಿದಳು. ಆಮೇಲೆಯೇ ಭಾಮಾಬಾಯಿ ಘಂಟೆ ಬಾರಿಸಿದರು.